ಸುಂಕವಿಲ್ಲದ ಅಂಗಡಿಯಲ್ಲಿ ನಿಂಗೇಗೌಡರು

ಎಪ್ಪತ್ತರ ದಶಕದ ಮಂಡ್ಯದಲ್ಲಿ ಯಾರಾದರೂ ಪರದೇಶಕ್ಕೆ ಹೋಗಿ ಬಂದ ಸುದ್ದಿ ಕಿವಿಗಿಂತ ಮೊದಲು ಮೂಗಿಗೆ ಮುಟ್ಟುತ್ತಿತ್ತು. ಗುತ್ತಲು ಬಡಾವಣೆಯಲ್ಲಿ ನಮ್ಮ ಎದುರುಮನೆಯ ಇಂಜಿನಿಯರರ ಹೆಂಡತಿ, ಕುವೈತಿನಿಂದ ಬಂದ ತಮ್ಮ ತಂದುಕೊಟ್ಟ ಸೆಂಟನ್ನು ಪೂಸಿಕೊಂಡು ಸೊಪ್ಪಿನವಳನ್ನು ಕೂಗಲು ಬಾಗಿಲಿಗೆ ಬಂದರೆಂದರೆ, ಬುಟ್ಟಿಯೊಳಗಿನ ಕೊತ್ತಂಬರಿ ತನ್ನ ಸ್ವಧರ್ಮವನ್ನು ಮರೆತು ಗುಲಾಬಿಯಂತೆ ಘಮಘಮಿಸತೊಡಗುತ್ತಿತ್ತು. ಆ ಪರಿಮಳ ರಸ್ತೆ ದಾಟಿ, ನಮ್ಮ ಕಿಟಕಿಯ ಸರಳುಗಳನ್ನು ನುಸುಳಿ, ಒಗ್ಗರಣೆಯ ಹೊಗೆಯೊಡನೆ ಸ್ವಲ್ಪ ಹೊತ್ತು ಮಲ್ಲಯುದ್ಧ ನಡೆಸಿ ಸೋಲುತ್ತಿತ್ತು. ಒಂದು ದಿನ ನನ್ನ ಹೆಂಡತಿ ಜಯಾ ಒಲೆಯ ಮುಂದಿನಿಂದಲೇ ಹೇಳಿದಳು: "ಎದುರುಮನೆಯವರ ಸೆಂಟು ಚೆನ್ನಾಗಿದೆ, ಅಲ್ವೇನ್ರೀ?" ಮದುವೆಯಾಗಿ ಹತ್ತು ವರ್ಷವಾದ ಗಂಡಸಿಗೆ ಯಾವುದು ಪ್ರಶ್ನೆ, ಯಾವುದು ಅರ್ಜಿ ಎಂಬ ವ್ಯತ್ಯಾಸ ತಿಳಿಯದೆ ಇರುತ್ತದೆಯೆ?

ನಾನಾಗ ಮಂಡ್ಯದಲ್ಲಿ ಬೇಸಾಯದ ಅಧಿಕಾರಿ. ಭತ್ತದ ಬಗ್ಗೆ ಮೂರು ತಿಂಗಳ ತರಬೇತಿಗೆಂದು ಫಿಲಿಪೀನ್ಸಿಗೆ ಹೋಗಿಬರಲು ಅದೇ ವರ್ಷ ನನಗೆ ಆಜ್ಞೆಯಾಯಿತು. ಅಧಿಕಾರಿಗಳು ಕಲಿತದ್ದು ಗದ್ದೆಯವರೆಗೆ ತಲುಪುವುದಿಲ್ಲವೆಂಬ ಸಂಶಯ ಮೇಲಿನವರಲ್ಲಿ ಯಾರಿಗೋ ಹುಟ್ಟಿ, ಗದ್ದೆಯನ್ನೇ ಜೊತೆಯಲ್ಲಿ ಕಳಿಸುವುದು ಲೇಸೆಂದು ತೀರ್ಮಾನವಾದ್ದರಿಂದ, ಕಿರುಗಾವಲಿನ ರೈತ ನಿಂಗೇಗೌಡರೂ ನನ್ನ ಸಹಪ್ರಯಾಣಿಕರಾದರು. ಐವತ್ತರ ಆಸುಪಾಸಿನ ಎತ್ತರದ ಆಳು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಕೆಂಪಂಚಿನ ಟವೆಲು. ಪಕ್ಕದಲ್ಲಿ ಕೂತವರೊಡನೆಯೂ ನಾಲೆಯ ಆಚೆ ದಡದಲ್ಲಿ ನಿಂತವರೊಡನೆ ಆಡುವ ಹಾಗೆ ಮಾತನಾಡುತ್ತಿದ್ದರು.

ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಬೀಳ್ಕೊಡಲು ಅರ್ಧ ಕಿರುಗಾವಲೇ ಬಂದಿತ್ತು. ಕೊರಳ ತುಂಬ ಹಾರ ಹಾಕಿಸಿಕೊಂಡು ನಿಂತಿದ್ದ ಗಂಡನಿಗೆ ಕೆಂಪಮ್ಮ ಎಲ್ಲರೆದುರು ಖಡಾಖಂಡಿತವಾಗಿ ಹೇಳಿದರು: "ದ್ಯಾವ್ರ ತಾವ್ಕೆ ಓದೋರು ಪರಸಾದ ತತ್ತಾರೆ. ನೀನು ಇಮಾನದಾಗೆ ಓಗಿ ಬರೀ ಕೈ ಬೀಸ್ಕಂಡು ಬಂದ್ರೆ ಅಟ್ಟಿಗ್ ಸೇರ್ಸಾಕಿಲ್ಲ, ನೋಡು."

ಹಾರದ ಭಾರವೋ ಜನದ ಜೈಕಾರವೋ, ಗೌಡರಿಗೆ ಆವೇಶ ಬಂದುಬಿಟ್ಟಿತು. "ನಿಂಗೊಬ್ಬಳಿಗೇ ಅಲ್ಲ ಕಣಮ್ಮಿ, ಇಡೀ ಊರ್ಗೇ ತತ್ತೀನಿ! ಪಾರಿನ್ ಮಿಠಾಯಿ!" ಎಂದರು. ಚಪ್ಪಾಳೆ ಬಿತ್ತು. ಹೀಗೆ ನಮ್ಮಿಬ್ಬರ ಹೆಗಲ ಮೇಲೂ ಒಂದೊಂದು ಮಾತು ಏರಿ ಕುಳಿತಿತು, ಅವರದು ಆಡಿದ ಮಾತು, ನನ್ನದು ಆಡದೆ ಒಪ್ಪಿದ ಮಾತು.

ತರಬೇತಿಯ ಕಥೆ ಇಲ್ಲಿ ಬೇಡ. ಅಲ್ಲಿ ಕೊಟ್ಟ ಭತ್ಯೆಯೆಲ್ಲ ಅಲ್ಲಿನ ಅಡುಗೆ ಒಗ್ಗದ ನಮ್ಮ ಹೊಟ್ಟೆಗಳಿಗೆ ಹಣ್ಣು, ಬ್ರೆಡ್ಡುಗಳ ನೈವೇದ್ಯ ಮಾಡುವುದರಲ್ಲೇ ಕರಗಿಹೋಗಿ, ಹೊರಡುವ ವೇಳೆಗೆ ಇಬ್ಬರ ಜೇಬಿನಲ್ಲೂ ಒಂದಿಷ್ಟು ಚಿಲ್ಲರೆ ಡಾಲರುಗಳು ಉಳಿದಿದ್ದವು ಎಂಬುದಷ್ಟೇ ಓದುಗರಿಗೆ ತಿಳಿದರೆ ಸಾಕು. ವಾಪಸು ಬರುವ ದಾರಿಯಲ್ಲಿ ವಿಮಾನ ಬದಲಿಸಬೇಕಾದ ಒಂದು ದೊಡ್ಡ ನಿಲ್ದಾಣ. ಹೆಸರೇಕೆ, ಎಲ್ಲ ದೊಡ್ಡ ನಿಲ್ದಾಣಗಳೂ ಒಂದೇ. ಹಬ್ಬದ ದಿನಗಳಾದ್ದರಿಂದ ಜನವೋ ಜನ. ಆ ಜನಸಾಗರದ ನಡುವೆ ದ್ವೀಪದಂತೆ ಹೊಳೆಯುತ್ತಿದ್ದ ಅಂಗಡಿಯೊಂದರ ಮೇಲೆ 'ಡ್ಯೂಟಿ ಫ್ರೀ' ಎಂಬ ಫಲಕ. ಸರ್ಕಾರಿ ನೌಕರನಿಗೆ ಡ್ಯೂಟಿಯಿಂದ ಬಿಡುಗಡೆಯೆಂದರೆ ಮೋಕ್ಷದ ಒಂದು ಪ್ರಭೇದ. ನಾನು ಭಕ್ತಿಯಿಂದಲೇ ಒಳಗೆ ಹೆಜ್ಜೆಯಿಟ್ಟೆ.

"ಏನ್ಸಾ ಬರ್ದವ್ರೆ ಅಲ್ಲಿ?" ಎಂದರು ಗೌಡರು.

"ಸುಂಕ ಇಲ್ಲ ಅಂತ, ಗೌಡ್ರೇ. ಫ್ರೀ."

"ಪ್ರೀ ಅಂದ್ರೆ ಪುಕ್ಸಟ್ಟೆ ಅಲ್ವರಾ?"

"ಸುಂಕ ಮಾತ್ರ ಪುಕ್ಕಟೆ. ಸಾಮಾನಿಗೆ ದುಡ್ಡು ಕೊಡಬೇಕು."

ಗೌಡರು ಒಂದು ಕ್ಷಣ ಯೋಚಿಸಿದರು. "ಅಂಗಾದ್ರೆ ಆ ಸುಂಕ ಬೇಕಾರೆ ಕೊಟ್ಬುಡಾನ. ಸಾಮಾನು ಪ್ರೀ ಕೊಡಾಕೇಳಿ."

ಸೆಂಟಿನ ಸೀಸೆ ನನ್ನ ಕಚೇರಿಯ ಇಂಕಿನ ಕುಡಿಕೆಗಿಂತ ಚಿಕ್ಕದಾಗಿತ್ತು. ಅದರ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದೆ. ನನ್ನ ಗಣಿತದ ಮೇಲೆ ಅನುಮಾನ ಬಂದು ಇನ್ನೊಮ್ಮೆ ಪರಿವರ್ತಿಸಿದೆ. ಗಣಿತ ಸರಿಯಾಗಿತ್ತು, ಸಂಬಳವೇ ತಪ್ಪಾಗಿತ್ತು. ಸುಂಕ ತೆಗೆದ ಮೇಲೂ ಬೆಲೆ ಇಷ್ಟಿದ್ದರೆ ಸುಂಕ ಹಾಕಿದಾಗ ಇದನ್ನು ಯಾರು ಮೂಸುತ್ತಾರೆ ಎಂದುಕೊಳ್ಳುತ್ತಿರುವಾಗಲೇ, ಅಂಗಡಿಯ ಹುಡುಗಿ ನಗುತ್ತ ಬಂದು ನನ್ನ ಮುಂಗೈ ಮೇಲೆ ಒಂದು ಸಲ ಬುಸ್ಸೆನ್ನಿಸಿದಳು. ಅದಕ್ಕೆ ದುಡ್ಡಿಲ್ಲವೆಂದು ತಿಳಿದ ಮೇಲೆ, ಪ್ರತಿಜ್ಞೆ ಮಾಡುವವನಂತೆ ಆ ಕೈಯನ್ನು ಎತ್ತಿ ಹಿಡಿದುಕೊಂಡೇ ತಿರುಗಾಡಿದೆ.

ಅಷ್ಟರಲ್ಲಿ ಗೌಡರು ಚಾಕಲೇಟಿನ ದೊಡ್ಡ ತಗಡಿನ ಡಬ್ಬವೊಂದನ್ನು ಹಿಡಿದು ಅದೇ ಹುಡುಗಿಯೊಡನೆ ಶುದ್ಧ ಕಿರುಗಾವಲಿನ ಕನ್ನಡದಲ್ಲಿ ಚೌಕಾಸಿಗಿಳಿದಿದ್ದರು. "ಒಂದ್ ರೇಟ್ ಏಳವ್ವ. ನಿಂಗೂ ಬ್ಯಾಡ, ನಂಗೂ ಬ್ಯಾಡ." ಹುಡುಗಿ ನಗುತ್ತಲೇ ಬೆಲೆಯ ಚೀಟಿಯನ್ನು ತೋರಿಸಿದಳು. ಗೌಡರು ಅರ್ಧಕ್ಕೆ ಕೇಳಿದರು. ಅವಳು ಚೀಟಿ ತೋರಿಸಿದಳು. ಮುಕ್ಕಾಲಿಗೆ ಬಂದರು, ಚೀಟಿ. ಆಗ ಅವರು ಮಳವಳ್ಳಿ ಸಂತೆಯ ಬ್ರಹ್ಮಾಸ್ತ್ರವನ್ನು ತೆಗೆದರು. ಡಬ್ಬವನ್ನು ಟಕ್ಕೆಂದು ಕೆಳಗಿಟ್ಟು, ಟವೆಲು ಕೊಡವಿ, ಬೆನ್ನು ತಿರುಗಿಸಿ ಬಾಗಿಲ ಕಡೆಗೆ ನಡೆದರು. ಹೆಜ್ಜೆ ನಿಧಾನವಾಯಿತು. ಬಾಗಿಲ ಬಳಿ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ಒಂದಷ್ಟು ಹೊತ್ತು ನಿಂತರು. ಕೊನೆಗೆ ನನ್ನ ಬಳಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ತಗ್ಗಿದ ದನಿಯಲ್ಲಿ ಹೇಳಿದರು: "ಸಾ, ಕರೀನೇ ಇಲ್ಲ!"

ಆ ದನಿಗೆ ನನ್ನ ಮನಸ್ಸು ಕರಗಿತು. ಅವರ ಹಣಕ್ಕೆ ಆ ಡಬ್ಬ ಬರುತ್ತಿರಲಿಲ್ಲ. ನನ್ನ ಹಣಕ್ಕೆ ಸೆಂಟಿನ ಮುಚ್ಚಳವೂ ಬರುತ್ತಿರಲಿಲ್ಲ. ಇಬ್ಬರ ಹಣವನ್ನೂ ಕೂಡಿಸಿ ಡಬ್ಬ ಕೊಂಡೆವು. ದೊಡ್ಡ ಪಾಲು ಕಿರುಗಾವಲಿಗೆ, ಚಿಕ್ಕ ಪಾಲು ಗುತ್ತಲಿಗೆ ಎಂದು ಒಪ್ಪಂದವಾಯಿತು.

ಆಮೇಲೆ ಶುರುವಾಯಿತು ಕಾಯುವ ಕರ್ಮ. ನಮ್ಮ ವಿಮಾನ ತಡ ಎಂದು ಹಲಗೆ ಹೇಳಿತು. ಸ್ವಲ್ಪ ಹೊತ್ತಿಗೆ ಇನ್ನೂ ತಡ ಎಂದಿತು. ದುಪ್ಪಟಿಯೊಳಗೆ ಮುಖ ಹುದುಗಿಸಿಕೊಂಡವರು ಮಾತನಾಡಿದಂತೆ ಧ್ವನಿವರ್ಧಕ ಏನೋ ಹೇಳುತ್ತಿತ್ತು. ಪ್ರತಿ ಸಲವೂ ನೂರಾರು ಜನ ಎದ್ದು ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಕೂರುತ್ತಿದ್ದರು. ಎದ್ದವನಿಗೆ ತನ್ನ ಕುರ್ಚಿ ಮರಳಿ ಸಿಗುವ ಭರವಸೆಯಿರಲಿಲ್ಲ. ಮಳವಳ್ಳಿಯಲ್ಲಿ ಬಸ್ಸು ತಡವಾದರೆ ಕಂಟ್ರೋಲರನ್ನು ಕೇಳಬಹುದು. ಆತ "ಬಂದಾಗ ಬತ್ತದೆ, ಓಗ್ರೀ" ಎಂದು ಬೈಯುತ್ತಾನೆ. ನಾವೂ ಒಂದು ಮಾತು ತಿರುಗಿಸಿ ಅಂದು ಹಗುರಾಗುತ್ತೇವೆ. ಇಲ್ಲಿಯ ಸಮವಸ್ತ್ರದವರೋ, ಕೇಳಿದಾಗಲೆಲ್ಲ ನಸುನಕ್ಕು ಕ್ಷಮೆ ಕೋರುತ್ತಿದ್ದರು, ವಿಷಯ ಮಾತ್ರ ಹೇಳುತ್ತಿರಲಿಲ್ಲ. ಬೈಯದೆ ಕಾಯಿಸುವುದಕ್ಕಿಂತ ಕಠಿಣವಾದ ಶಿಕ್ಷೆಯನ್ನು ನಾಗರಿಕತೆ ಇನ್ನೂ ಕಂಡುಹಿಡಿದಿಲ್ಲ. ಗೌಡರು ಕಂಬವೊಂದರ ಬುಡದಲ್ಲಿ ಟವೆಲು ಹಾಸಿ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟರು. ಕೋಟು ಹಾಕಿದ್ದ ನಾನು ಸರ್ಕಾರದ ಮರ್ಯಾದೆಗಾಗಿ ಕಾಲು ಸೋಲುವವರೆಗೆ ನಿಂತಿದ್ದು, ಆಮೇಲೆ ಅದೇ ಟವೆಲಿನ ತುದಿಯಲ್ಲಿ ಆಶ್ರಯ ಪಡೆದೆ.

ಪಕ್ಕದಲ್ಲಿ ಒಬ್ಬ ತಮಿಳು ಹೆಂಗಸು ಪುಟ್ಟ ಮಗಳೊಡನೆ ಕೂತಿದ್ದಳು. ಮಗು ಹಸಿವಿಗೆ ಅಳುತ್ತಿತ್ತು. ಜನಜಂಗುಳಿಯಿಂದಾಗಿ ತಿಂಡಿಯ ಕಟ್ಟೆಯಲ್ಲಿ ಬ್ರೆಡ್ಡು ಕೂಡ ಮುಗಿದು, ಕಾಫಿ ಮಾತ್ರ ಉಳಿದಿತ್ತು. ಆ ಒಂದು ಲೋಟದ ಬೆಲೆಗೆ ಮಂಡ್ಯದಲ್ಲಿ ಒಂದು ದಿಬ್ಬಣಕ್ಕೆ ಕಾಫಿ ಕುಡಿಸಬಹುದಿತ್ತು. ಅಳು ಜೋರಾಯಿತು. ಗೌಡರು ಒಂದೆರಡು ಸಲ ಮೀಸೆ ಕುಣಿಸಿ ಆಟ ತೋರಿಸಿದರು. ಮಗು ಹೆದರಿ ಇನ್ನಷ್ಟು ಅತ್ತಿತು. ಅವರ ಕೈ ಚೀಲದೊಳಗೆ ಹೋಯಿತು.

"ಗೌಡ್ರೇ, ಅದು ಊರಿಗೆ!" ಎಂದೆ.

"ಒಂದೇ ಅಲ್ವರಾ ಸಾ. ನನ್ ಪಾಲ್ನಾಗೆ ಇಡ್ಕಳಿ."

ಬಂಗಾರದ ಕಾಗದ ಬಿಚ್ಚಿದ ಸದ್ದಿಗೆ ಆ ನಿಲ್ದಾಣದ ಮಕ್ಕಳೆಲ್ಲ ಹೇಗೆ ಎಚ್ಚೆತ್ತವೋ! ಆ ಧ್ವನಿವರ್ಧಕಕ್ಕಿಂತ ಅದು ಸ್ಪಷ್ಟವಾಗಿ ಕೇಳಿಸಿರಬೇಕು. ಕಪ್ಪು ಕೂದಲಿನವು, ಕೆಂಚುಗೂದಲಿನವು, ಭಾಷೆ ಬೇರೆಯಾದರೂ ಹಸಿವು ಒಂದೇ ಆದವು, ಕಂಬದ ಸುತ್ತ ಬಂದು ನಿಂತವು. ಗೌಡರು ಒಂದೊಂದಕ್ಕೂ "ತಗಾ ಮಗಾ, ತಗಾ" ಎನ್ನುತ್ತ ಕೊಡುತ್ತ ಹೋದರು. ಕಿರುಗಾವಲಿನ ಕೇರಿ ಕೇರಿಯೇ ನನ್ನ ಕಣ್ಣೆದುರು ಖಾಲಿಯಾಗುತ್ತಿತ್ತು. ಕೊನೆಗೆ ಡಬ್ಬದೊಳಗೆ ಇಣುಕಿ, ನನ್ನ ಕಡೆ ತಿರುಗಿ, "ಸಾ, ನನ್ ಪಾಲು ಮುಗೀತು. ನಿಮ್ಮುದ್ಕೆ ಕೈ ಆಕ್ಲಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹಸಿರು ಫ್ರಾಕು ತೊಟ್ಟ ಹುಡುಗಿಯೊಂದು ನನ್ನೆದುರು ಅಂಗೈ ಚಾಚಿತು. ಗೌಡರ ಮುಖ ನೋಡಲಿಲ್ಲ. ಮಾಲೀಕ ಯಾರೆಂದು ಗೊತ್ತಿದ್ದಂತೆ ನನ್ನನ್ನೇ ನೋಡಿತು. ನಾನೇ ಒಂದನ್ನು ತೆಗೆದು, ಕಾಗದ ಬಿಚ್ಚಿ ಕೊಟ್ಟೆ. ಕಾಗದವೂ ಬೇಕೆಂದು ಸನ್ನೆ ಮಾಡಿತು, ಅದನ್ನೂ ಕೊಟ್ಟೆ. ಆಮೇಲೆ ಡಬ್ಬ ಖಾಲಿಯಾಗುವವರೆಗೆ ನಾವಿಬ್ಬರೂ ಕೂಡಿಯೇ ಹಂಚಿದೆವು. ಆ ತುದಿಯಲ್ಲಿದ್ದ ಮುದುಕರೊಬ್ಬರು ಇಂಗು ಘಮ್ಮೆನ್ನುವ ಚಕ್ಕುಲಿಯ ಪೊಟ್ಟಣ ಹಿಡಿದು ಬಂದು ನಮ್ಮ ಟವೆಲಿನ ಮೇಲೆ ಬಿಚ್ಚಿದರು. ಯಾರೋ ಬಾಳೆಕಾಯಿ ಚಿಪ್ಸು ತಂದರು. ಅಷ್ಟು ಹೊತ್ತು ಒಬ್ಬರ ಕುರ್ಚಿಯ ಮೇಲೆ ಒಬ್ಬರು ಕಣ್ಣಿಟ್ಟಿದ್ದ ಜನ, ಕುರ್ಚಿ ಬಿಟ್ಟು ನೆಲಕ್ಕಿಳಿದು ಮಾತಿಗೆ ಕೂತರು. ಸಂಜೆಗೆ ವಿಮಾನ ಬಂದಾಗ ಏಳಲು ಕೆಲವರಿಗೆ ಮನಸ್ಸೇ ಇರಲಿಲ್ಲವೆಂದರೆ ನೀವು ನಂಬಬೇಕು.

ಮಂಡ್ಯ ಸೇರಿದೆವು. ಬಾಗಿಲಲ್ಲೇ ಜಯಾ ನಿಂತಿದ್ದಳು. ಕೇಳುವ ಮೊದಲೇ ನನ್ನ ಮುಂಗೈಯನ್ನು ಅವಳ ಮೂಗಿನ ಬಳಿಗೆ ಒಯ್ದೆ. "ಸೆಂಟು ಕೊಳ್ಳೋಕೆ ದುಡ್ಡು ಸಾಲಲಿಲ್ಲ. ವಾಸನೆ ಮಾತ್ರ ತಂದಿದ್ದೀನಿ" ಎಂದೆ. ಅವಳು ಮೂಸಿ, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಮೂಸಿ, "ಇಂಗು!" ಎಂದಳು, ಹೇಳಿದವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನನ್ನ ಸಂಕಟ ಅಲ್ಲಿಗೆ ತೀರಿತು.

ಗೌಡರದು ತೀರಿರಲಿಲ್ಲ. ಅಂದು ನಮ್ಮಲ್ಲೇ ಉಳಿದ ಅವರು ಪೇಟೆಗೆ ಹೋಗಿ ಒಂದು ಪೊಟ್ಟಣ ಪೆಪ್ಪರಮಿಂಟು ತಂದು ಆ ತಗಡಿನ ಡಬ್ಬಕ್ಕೆ ಸುರಿದರು. "ಯಾರ್ಗ್ ಗೊತ್ತಾಯ್ತದೆ ಸಾ?" ಎಂದು ನನ್ನನ್ನು ಕೇಳಿದರು. ಕಚೇರಿಯ ಅಭ್ಯಾಸದಂತೆ ನಾನು ಅಭಿಪ್ರಾಯವನ್ನು ಕಾಯ್ದಿರಿಸಿದೆ.

ಮರುದಿನ ಊಟಕ್ಕೆ ಕರೆದಿದ್ದರೆಂದು ಜಯಾಳೂ ನಾನೂ ಕಿರುಗಾವಲಿಗೆ ಹೋದೆವು. ಜಗಲಿಯ ತುಂಬ ಜನ. ಗೌಡರು ಡಬ್ಬ ತೆಗೆದು ಗಂಭೀರವಾಗಿ ಹಂಚಿದರು. ಎಲ್ಲರೂ ಬಾಯಿಗೆ ಹಾಕಿಕೊಂಡು ಪರದೇಶದ ರುಚಿಗಾಗಿ ಕಣ್ಣು ಮುಚ್ಚಿದರು. ಮೊದಲು ಕಣ್ಣು ತೆರೆದವರು ದಿನಸಿ ಅಂಗಡಿಯ ಶೆಟ್ಟರು.

"ಗೌಡ್ರೇ, ತಪ್ಪು ತಿಳೀಬ್ಯಾಡಿ. ಇದು ನನ್ನಂಗ್ಡಿ ಮುಂದ್ಲ ಭರಣೀಲಿ ಇರೋ ಪೆಪ್ಪರಮಿಂಟೇ ಅಲ್ವಾ?"

ಒಳಗಿನಿಂದ ಕೆಂಪಮ್ಮ ಸೌಟು ಹಿಡಿದೇ ಬಂದರು. "ಏನಿದು?"

ಗೌಡರು ತಲೆ ಕೆರೆದುಕೊಂಡರು. "ತಗಂಡಿದ್ದೆ ಕಣಮ್ಮಿ. ಪಾರಿನ್ನುದ್ದೇ ತಗಂಡಿದ್ದೆ. ದಾರೀಲಿ ಮುಗ್ದೋಯ್ತು."

"ಮೂರ್ ತಿಂಗ್ಳು ಬುಟ್ಟೋದೋನು, ದಾರೀಲಿ ಕುಂತ್ಕಂಡು ಒಬ್ನೇ ತಿಂದ್ಯಾ?"

"ನಾನೊಂದೂ ತಿನ್ನಿಲ್ಲ!" ಎಂದರು ಗೌಡರು, ನಾಲೆಯ ಆಚೆ ದಡಕ್ಕೆ ಕೇಳುವಂತೆ. ಆಮೇಲೆ ಎಲ್ಲವನ್ನೂ ಹೇಳಿದರು, ಜನದ ಗಲಾಟೆ, ಬಾರದ ವಿಮಾನ, ಅತ್ತ ಮಗು. "ನನ್ ಪಾಲು ಮುಗ್ದ್ ಮ್ಯಾಲೆ ಸಾಹೇಬ್ರೂ ಅವ್ರ ಪಾಲು ಕೊಟ್ರು. ಅಸ್ರು ಪ್ರಾಕು ಆಕ್ಕಂಡಿದ್ ಎಣ್ಮಗೀಗೆ ಅವ್ರೇ ಕಾಗ್ದ ಬಿಚ್ಚಿ ಕೊಟ್ರು. ಕೇಳಿ ಬೇಕಾರೆ."

ಎಲ್ಲರೂ ನನ್ನನ್ನು ನೋಡಿದರು. ಜಯಾ ಕೂಡ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

"ಅಳ್ತಿದ್ ಮಗ ಸುಮ್ಕಾಯ್ತಾ?" ಎಂದು ಕೇಳಿದರು ಕೆಂಪಮ್ಮ.

"ಆಯ್ತು."

"ಸರಿ ಬುಡು ಮತ್ತೆ. ಅದ್ಕೆ ಈ ಸುಳ್ಳು ಪೆಪ್ಪರಮಿಂಟ್ಯಾಕೆ?"

"ನನ್ ಬೇಜಾರೂ ಅದೇ ಕಣಮ್ಮ," ಎಂದರು ಶೆಟ್ಟರು. "ತರೋದೇ ಆಗಿದ್ರೆ ನನ್ನಂಗ್ಡೀಲೇ ತಗಬೌದಿತ್ತು. ಮಂಡ್ಯಕ್ಯಾಕೋದ್ರು?"

ಜಗಲಿಯೆಲ್ಲ ಗೊಳ್ಳೆಂದಿತು. ಗೌಡರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಕೆಂಪಮ್ಮ ಸೌಟಿನಲ್ಲೇ ಒಳಗೆ ದಾರಿ ತೋರಿಸಿ ಎಲೆ ಹಾಕಿಸಿದರು.

ಊಟ ಮುಗಿಸಿ ಮಳವಳ್ಳಿಗೆ ಬಂದು ಮಂಡ್ಯದ ಬಸ್ಸು ಹತ್ತಿದೆವು. ಬಸ್ಸು ಹೊರಡುವುದು ಎಂದಿನಂತೆ ತಡವಾಗಿತ್ತು. ಕಿಟಕಿಯ ಹೊರಗೆ ನೋಡುತ್ತಿದ್ದ ಜಯಾ ಕೇಳಿದಳು:

"ಆ ಹಸಿರು ಫ್ರಾಕಿನ ಹುಡುಗಿಗೆ ಎಷ್ಟು ವಯಸ್ಸಿರಬಹುದು ರೀ?"

"ಐದಿರಬಹುದು."

"ಹೆಸರೇನಂತೆ?"

"ಕೇಳಲಿಲ್ಲ."

"ಕೇಳಬಾರದಾ?" ಎಂದು ಅವಳು ನನ್ನನ್ನು ಗದರಿಸಿದಳು. ಮೂರು ತಿಂಗಳು ಸಮುದ್ರದಾಚೆ ಇದ್ದು ಬಂದವನಿಂದ ನನ್ನ ಹೆಂಡತಿ ತಿಳಿಯಬಯಸಿದ್ದು ಅದೊಂದನ್ನೇ. ಅದೊಂದೇ ನನಗೆ ಗೊತ್ತಿರಲಿಲ್ಲ.