ಶೇಷಪ್ಪನ ಕೋಲು, ಧರ್ಣಪ್ಪನ ಮುಖ

ಬೀಗ ಮಾರಿ ಬದುಕುವವನಿಗೆ ರಾತ್ರಿ ಕಾವಲುಗಾರನ ಬಗ್ಗೆ ಯಾವಾಗಲೂ ಎರಡು ಮನಸ್ಸು. ಅವನು ಚೆನ್ನಾಗಿ ಕಾದರೆ ಬೀಗಕ್ಕೆ ಗಿರಾಕಿ ಕಡಿಮೆ. ಕಾಯದಿದ್ದರೆ ಕಳ್ಳ ಮೊದಲು ನುಗ್ಗುವುದು ನಮ್ಮದೇ ಅಂಗಡಿಗೆ. ಶೇಷಪ್ಪ ಚೆನ್ನಾಗಿ ಕಾಯುತ್ತಿದ್ದ. ಅವನಿಂದಾದ ವ್ಯಾಪಾರದ ನಷ್ಟವನ್ನು ಮನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಬಂಟ್ವಾಳದ ನಮ್ಮ ಪೇಟೆಬೀದಿಗೆ ಆಗ ಇಬ್ಬರು ಕಾವಲುಗಾರರು. ಮೇಲಿನ ಅರ್ಧ ಶೇಷಪ್ಪನದು, ಹೊಳೆಯ ಕಡೆಗಿನ ಅರ್ಧ ಧರ್ಣಪ್ಪನದು. ಶೇಷಪ್ಪ ಒಂದೊಂದು ಅಂಗಡಿಯ ಬೀಗವನ್ನೂ ಎಳೆದು ನೋಡುತ್ತಿದ್ದ. ಆಮೇಲೆ ಕಬ್ಬಿಣದ ತುದಿಯ ಕೋಲಿನಿಂದ ದೀಪದ ಕಂಬಕ್ಕೆ ಎರಡು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೆ ಒಂದು ಪೆಟ್ಟು. ಮಹಡಿಯಲ್ಲಿ ಮಲಗಿದ್ದ ನಾವು ಆ ಸದ್ದು ಕೇಳಿ ನಿಶ್ಚಿಂತೆಯಿಂದ ಮಗ್ಗುಲು ಬದಲಿಸುತ್ತಿದ್ದೆವು. ಬೆಳಕು ಹರಿಯುವ ಮೊದಲೇ ಅವನು ಸೇತುವೆ ದಾಟಿ ಪಾಣೆಮಂಗಳೂರಿನ ತನ್ನ ಮನೆ ಸೇರಿರುತ್ತಿದ್ದ. ಹಾಗಾಗಿ ಅವನನ್ನು ಕೇಳಿದವರೇ ಎಲ್ಲ, ಕಂಡವರು ಕಡಿಮೆ.

ಧರ್ಣಪ್ಪನ ಕ್ರಮ ಬೇರೆ. ಕಾವಲುಗಾರ ಎಲ್ಲಿದ್ದಾನೆಂದು ಕಳ್ಳನಿಗೆ ಗೊತ್ತಾಗಬಾರದು ಎಂಬುದು ಅವನ ಸಿದ್ಧಾಂತ. ಆದ್ದರಿಂದ ರಾತ್ರಿಯಿಡೀ ನಿಶ್ಶಬ್ದ. ಬೆಳಿಗ್ಗೆ ಮಾತ್ರ ಕಪ್ಪು ಕಂಬಳಿ ಹೊದ್ದು, ಅಡಿಕೆ ಹಾಳೆಯ ಮುಟ್ಟಾಳೆ ತಲೆಗಿಟ್ಟು, ಹೋಟೆಲಿನ ಮುಂದಿನ ಬೆಂಚಿನಲ್ಲಿ ಚಾ ಕುಡಿಯುತ್ತ ಊರಿಗೆಲ್ಲ ಕಾಣುವಂತೆ ಕೂತಿರುತ್ತಿದ್ದ. ಬಸ್ಸಿಗೆ ಹೊರಟವರು ಅವನನ್ನು ನೋಡಿ, ಪಾಪ, ರಾತ್ರಿಯಿಡೀ ಎದ್ದಿದ್ದಾನೆ ಎಂದುಕೊಳ್ಳುತ್ತಿದ್ದರು. ಮುಖವೂ ಹಾಗೇ ಇತ್ತು, ಉಬ್ಬಿದ ಕಣ್ಣು, ಉದ್ದ ಆಕಳಿಕೆ.

ಈಗ ಅಂಗಡಿಗಳಿಗೆ ಕ್ಯಾಮರಾ ಬಂದಿದೆ. ಇಬ್ಬರೂ ಮುದುಕರು ಮನೆಯಲ್ಲಿದ್ದಾರೆ.

ಪೇಟೆಯ ತುದಿಯಲ್ಲಿರುವ ಬೆನೆಡಿಕ್ಟಾ ಟೀಚರ್ ಪ್ರತಿ ಕ್ರಿಸ್ಮಸ್ಸಿಗೆ ತಮ್ಮ ಅಂಗಳದಲ್ಲಿ ಗೋದಲಿ ಕಟ್ಟುತ್ತಾರೆ. ಯೇಸು ಹುಟ್ಟಿದ ಹಟ್ಟಿ, ತಾಯಿ, ತಂದೆ, ದನ, ಎಲ್ಲವೂ ಅವರ ಕೈಯ ಮಣ್ಣಿನ ಗೊಂಬೆಗಳು. ನೋಡಲು ಎಲ್ಲ ಜಾತಿಯವರೂ ಹೋಗುತ್ತಾರೆ. ಕಳೆದ ಮಳೆಗಾಲದ ನೆರೆಯಲ್ಲಿ ಅವರ ಕುರಿ ಕಾಯುವವರು ಪೆಟ್ಟಿಗೆಯೊಳಗೇ ಕರಗಿಹೋದರು. ಟೀಚರ್ ಯೋಚಿಸಿದರು. ಬಂಟ್ವಾಳದಲ್ಲಿ ಕುರಿ ಕಾಯುವವನನ್ನು ಕಂಡವರು ಯಾರು? ಯೇಸು ಹುಟ್ಟಿದ ಸುದ್ದಿಯನ್ನು ದೇವದೂತ ಮೊದಲು ಹೇಳಿದ್ದು ರಾತ್ರಿ ಎಚ್ಚರವಿದ್ದ ಕುರಿ ಕಾಯುವವರಿಗೆ. ಇಲ್ಲಿ ರಾತ್ರಿ ಎಚ್ಚರವಿದ್ದವನು ಪೇಟೆಯ ಕಾವಲುಗಾರ. ಹಾಗೆ ಹಟ್ಟಿಯ ಬಾಗಿಲಲ್ಲಿ ಈ ವರ್ಷ ಒಬ್ಬ ಕಾವಲುಗಾರ ನಿಂತ. ಮುಟ್ಟಾಳೆ, ಲಾಟೀನು, ಕೋಲು, ಮೈಮೇಲೆ ನಿಜವಾದ ಕಂಬಳಿಯ ತುಂಡು. ಕಂಡ ಮುಖವನ್ನಲ್ಲದೆ ಕೇಳಿದ ಸದ್ದನ್ನು ಮಣ್ಣಿನಲ್ಲಿ ಮಾಡಲಾಗುವುದಿಲ್ಲವಲ್ಲ. ಗೊಂಬೆಗೆ ಬಂದದ್ದು ಧರ್ಣಪ್ಪನ ಮುಖ.

ಸುದ್ದಿ ಸೇತುವೆ ದಾಟಿತು. ಮೊಣಕಾಲು ನೋವೆಂದು ಅಂಗಡಿಗೂ ಬಾರದಿದ್ದ ಶೇಷಪ್ಪ ಮರುದಿನವೇ ಬಂದು ನಿಂತ. ಕೋಲು ಎಡಗೈಯಲ್ಲಿದೆ, ಲಾಟೀನಿಗೆ ಬತ್ತಿ ಇಲ್ಲ, ಧರ್ಣಪ್ಪನದಾದರೆ ಹೊಟ್ಟೆ ಇಷ್ಟು ಸಾಲದು ಎಂದು ತಪ್ಪು ಹುಡುಕಿದ. ಧರ್ಣಪ್ಪ ಪ್ರತಿ ಸಂಜೆ ಅದೇ ಕಂಬಳಿ ಹೊದ್ದು ಗೊಂಬೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಶೇಷಪ್ಪನಿಗೆ ಊಟ ಸೇರಲಿಲ್ಲ. ಅಷ್ಟು ವರ್ಷ ಈ ಪೇಟೆಯಲ್ಲಿ ಎಚ್ಚರವಿದ್ದವನು ಯಾರು ಎಂಬುದಕ್ಕೆ ಇದ್ದದ್ದೊಂದು ಗುರುತು, ಅದೂ ಧರ್ಣಪ್ಪನ ಪಾಲಾಯಿತು.

ಕೊನೆಗೆ ಟೀಚರ್ ಹತ್ತಿರ ಹೋಗಿ, ಸದ್ದಿಲ್ಲದ ಕಾವಲುಗಾರ ಎಂಥ ಕಾವಲುಗಾರ ಎಂದು ವಾದಿಸಿದ. ಮುಖ ಬದಲಾಗಲಿ ಎಂಬುದು ಅವನ ಆಸೆ. ಟೀಚರಿಗೆ ಸದ್ದಿನ ಮಾತಷ್ಟೇ ಹಿಡಿಸಿತು. ಅವನಿಂದಲೇ ಕಂಬಕ್ಕೆ ಹೊಡೆಸಿ ಮೊಬೈಲಿನಲ್ಲಿ ಹಿಡಿದು, ಹುಲ್ಲಿನೊಳಗೆ ಸ್ಪೀಕರ್ ಅಡಗಿಸಿ ಇಟ್ಟರು. ಸರಿ, ಇನ್ನು ಜನರಿಗೆ ತಿಳಿಯುತ್ತದೆ ಎಂದು ಶೇಷಪ್ಪ ಸಂಜೆಗೆ ಕಾದ. ಜನ ಬಂದರು, ಕೇಳಿದರು. ಧರ್ಣಪ್ಪನ ಮುಖ ಮಾತ್ರವಲ್ಲ, ಅವನ ಕೋಲಿನ ಸದ್ದೂ ಹಾಗೇ ಬಂದಿದೆ ಎಂದು ಮೆಚ್ಚಿದರು. ಧರ್ಣಪ್ಪ ತಲೆಯಾಡಿಸಿ ಮೆಚ್ಚುಗೆಯನ್ನು ಕಂಬಳಿಯೊಳಗೆ ಹಾಕಿಕೊಂಡ.

ಮನೆಯಲ್ಲಿ ಶೇಷಪ್ಪನ ಹೆಂಡತಿ ಪೂವಮ್ಮ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿ ತಲೆಯೆತ್ತದೆ ಹೇಳಿದಳು: "ನಿಮ್ಮ ಕೋಲನ್ನು ನೀವೇ ಕೊಂಡುಹೋಗಿ ಅವನ ಕೈಯಲ್ಲಿ ಕೊಟ್ಟು ಬಂದದ್ದಲ್ವಾ? ಇನ್ನು ಚಪ್ಪಲಿ ಒಂದು ಬಾಕಿ ಉಂಟು. ನಾಳೆ ಅದನ್ನೂ ಕೊಟ್ಟು ಬನ್ನಿ."

ಕ್ರಿಸ್ಮಸ್ಸಿನ ಸಂಜೆ ಅಂಗಳ ತುಂಬಿತ್ತು. ಶೇಷಪ್ಪ ಹಿಂದೆ, ಧರ್ಣಪ್ಪ ಮುಂದೆ. ಮೇಲಿನ ಪೇಟೆಯ ಖತೀಜಮ್ಮ, ಗಂಡ ದೂರದಲ್ಲಿದ್ದಾಗ ಮಕ್ಕಳನ್ನು ಕಟ್ಟಿಕೊಂಡು ಮಹಡಿಯಲ್ಲಿ ಒಬ್ಬರೇ ಇದ್ದವರು, ಕೋಲಿನ ಸದ್ದು ಕೇಳಿ ತಟ್ಟನೆ ನಿಂತರು. ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದರು.

"ಇದು ಶೇಷಪ್ಪನದ್ದು. ಇದು ಕೇಳಿದ ಮೇಲೆಯೇ ನಾನು ಕಣ್ಣು ಮುಚ್ತಾ ಇದ್ದದ್ದು."

ಎಲ್ಲರ ತಲೆ ಹಿಂದಕ್ಕೆ ತಿರುಗಿತು. ಗೊಂಬೆಯ ಪಕ್ಕದಲ್ಲಿ ನಿಂತ ಧರ್ಣಪ್ಪನನ್ನು ನೋಡುವವರು ಯಾರೂ ಉಳಿಯಲಿಲ್ಲ. ಅವನಿಗೆ ಅದನ್ನು ತಡೆಯಲಾಗಲಿಲ್ಲ.

"ಅವನದ್ದೇ, ಅಲ್ಲ ಅಂದವರು ಯಾರು?" ಎಂದ. "ಟಣ್ ಟಣ್ ಅಂತ ಒಂದೇ ಸಮ. ಆ ಕಿರಿಕಿರಿಯಿಂದ ಅಷ್ಟು ವರ್ಷ ನನಗೆ ಒಂದು ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ ಮಾರಾಯ್ರೆ."

ಟೀಚರ್ ತರಗತಿಯಲ್ಲಿ ಕೇಳುವ ಸ್ವರದಲ್ಲೇ ಕೇಳಿದರು: "ಮಲಗ್ತಾ ಇದ್ದದ್ದು ಎಲ್ಲಿ ಧರ್ಣಪ್ಪಣ್ಣ?"

"ಬಟ್ಟೆ ಅಂಗಡಿಯ ಜಗಲಿಯಲ್ಲಿ," ಎಂದುಬಿಟ್ಟ ಧರ್ಣಪ್ಪ.

ಆ ನಗು ಹೊಳೆಯ ಆಚೆಗೂ ಕೇಳಿರಬೇಕು. ಬಟ್ಟೆ ಅಂಗಡಿಯವರು ಮಾತ್ರ ನಗಲಿಲ್ಲ. ಮರುದಿನ ನಮ್ಮಲ್ಲಿಗೆ ಬಂದು, ಕಾವಲಿಲ್ಲದೆ ಕಳೆದ ಆ ಹಳೆಯ ರಾತ್ರಿಗಳಿಗೆಲ್ಲ ಸೇರಿಸಿ ಎಂಬಂತೆ ಒಂದು ದೊಡ್ಡ ಬೀಗ ಕೊಂಡುಹೋದರು.

ಗೋದಲಿ ಜನವರಿ ಆರರ ಮೂವರು ರಾಜರ ಹಬ್ಬದವರೆಗೆ ಇರುತ್ತದೆ. ಅಷ್ಟರಲ್ಲಿ ಟೀಚರ್ ಹೊಸ ಗೊಂಬೆ ಮಾಡಿ ನಿಲ್ಲಿಸಿದರು. ಹಳೆಯದನ್ನು ಬಿಸಾಡಲು ಮನಸ್ಸಾಗದೆ ಹುಲ್ಲಿನ ಮೇಲೆ ಮಲಗಿಸಿ, ಕಂಬಳಿಯನ್ನು ಕುತ್ತಿಗೆಯವರೆಗೆ ಹೊದಿಸಿದರು. ಶೇಷಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೋಲು ಹಿಡಿದು, ಪೂವಮ್ಮನ ಜೊತೆ ನೋಡಲು ಬಂದ. ಹೊಸ ಗೊಂಬೆಗೆ ಅವನದೇ ಮೂಗು, ಅವನದೇ ಬಾಗಿದ ಬೆನ್ನು. ಬಲಗೈಯಲ್ಲಿ ಕೋಲು. ಪೂವಮ್ಮ, ಕಿವಿ ಒಂದು ಸ್ವಲ್ಪ ದೊಡ್ಡದಾಯಿತು ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಶೇಷಪ್ಪ ತನ್ನ ಗೊಂಬೆಯನ್ನು ನೋಡಿದ. ಆಮೇಲೆ ಮಲಗಿದ್ದ ಗೊಂಬೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಅವನಿಗೆ ಇಲ್ಲಿಯೂ ಹುಲ್ಲು ಉಂಟು, ಕಂಬಳಿ ಉಂಟು," ಎಂದ. "ನಾನು ಇಲ್ಲಿಯೂ ನಿಂತದ್ದೇನಾ ಟೀಚರ್?"

ಬೇಕಾದರೆ ಇನ್ನೊಂದು ಹಿಡಿ ಹುಲ್ಲು ಹಾಕಿ ಅವನನ್ನೂ ಮಲಗಿಸುತ್ತೇನೆ ಎಂದರು ಟೀಚರ್. ಶೇಷಪ್ಪ ಹಟ್ಟಿಯೊಳಗಿನ ಮಗುವಿನ ಕಡೆ ನೋಡಿ, ಬೇಡ, ಇಬ್ಬರೂ ಮಲಗಿದರೆ ಅದನ್ನು ನೋಡುವವರು ಯಾರು ಎಂದ.

ಹೊರಡುವಾಗ ಎಲ್ಲರೂ ಮುಂದೆ ಹೋಗಲಿ ಎಂದು ಹಿಂದೆ ಉಳಿದ. ಯಾರೂ ನೋಡುತ್ತಿಲ್ಲ ಎಂದು ತಿಳಿದು, ಕೋಲಿನ ಕಬ್ಬಿಣದ ತುದಿಯಿಂದ ಧರ್ಣಪ್ಪನ ಗೊಂಬೆಯ ಕಂಬಳಿಯನ್ನು ಮೆಲ್ಲನೆ ಮೊಣಕಾಲಿನವರೆಗೆ ಕೆಳಗೆ ಸರಿಸಿದ.