ಅಂಗೈಯಲ್ಲಿ ಬೆಳಕು ನೋಡುತ್ತಿದ್ದವರು

ಸ್ಟುಡಿಯೋದಣ್ಣ ಫೋಟೊ ತೆಗೆಯಲು ಯಾರ ಮನೆಗೆ ಬಂದರೂ ಮೊದಲು ಕಿಟಕಿಯ ಬಳಿ ಹೋಗಿ, ಅಂಗೈ ಚಾಚಿ ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಿದ್ದರು. ಹಿಂದೆ ಫೋಟೊ ತೊಳೆಯುತ್ತಿದ್ದ ಮದ್ದಿನಿಂದ ಉಗುರುಗಳೆಲ್ಲ ಕಂದು. ಆ ಕೈಯ ಮೇಲೆ ಬೆಳಕು ಎಲ್ಲಿ ಮೆತ್ತಗೆ ಕೂರುತ್ತದೋ ಅಲ್ಲಿ ಮಗುವನ್ನು ಕೂರಿಸಿ ಎನ್ನುತ್ತಿದ್ದರು.

ನಮ್ಮ ಮಗಳಿಗೆ ಹುಟ್ಟಿನಿಂದಲೇ ಶ್ವಾಸಕೋಶದ ತೊಂದರೆ. ಧೂಳಿಗೆ, ಗಾಳಿಗೆ ತರಬೇಡಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಶಿರ್ವದ ನಮ್ಮ ಮನೆಯ ಒಳಕೋಣೆಯೇ ಅವಳ ಊರು. ಕುವೈಟಿನಲ್ಲಿದ್ದ ನಮ್ಮವರು ಅವಳ ಫೋಟೊ ತೆಗೆಯಲು ಕ್ಯಾಮೆರಾ ತರುತ್ತೇನೆಂದಾಗ, ಯಾವುದು ಒಳ್ಳೆಯದೆಂದು ಸ್ಟುಡಿಯೋಗೆ ಹೋಗಿ ಕೇಳಿದೆ.

"ಕ್ಯಾಮೆರಾ ಸಾದಾ ಸಾಕು ಬಾಯಮ್ಮ. ಲೆನ್ಸ್ ಮಾತ್ರ ಮೂವತ್ತೈದು ಎಂ.ಎಂ.ನ ಗಿಡ್ಡದ್ದು ತರಿಸಿ. ಅದರ ಬಾಯಿ ಅಗಲ ಉಂಟು, ಇದ್ದಷ್ಟು ಬೆಳಕನ್ನೂ ಕುಡಿಯುತ್ತದೆ. ಮಗು ಒಂದು ಕಡೆ ನಿಲ್ಲುವುದಿಲ್ಲ ಅಲ್ವಾ? ಉದ್ದದ್ದು ಹೊರಗಿನ ಹಕ್ಕಿಗೆ ಆಯ್ತು."

ಫೋನಿನಲ್ಲಿ ಹೇಳಿದರೆ ನಮ್ಮವರು ನಕ್ಕರು. "ಗಲ್ಫಿನಿಂದ ಬೆರಳುದ್ದದ ಲೆನ್ಸ್ ತಂದರೆ ಇಗರ್ಜಿಯಲ್ಲಿ ಮರ್ಯಾದೆ ಉಂಟಾ ಮಾರಾಯ್ತಿ?" ಮೊಳದುದ್ದದ್ದು ತಂದರು. ನನಗೂ ಹೆಮ್ಮೆಯೇ ಆಗಿತ್ತು. ತಪ್ಪನ್ನು ಗಂಡನೊಬ್ಬನ ಮೇಲೆ ಯಾಕೆ ಹಾಕಲಿ?

ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದರೂ ಅದರಲ್ಲಿ ಮಗಳ ಮುಖ ಪೂರ್ತಿ ಹಿಡಿಸುತ್ತಿರಲಿಲ್ಲ. ಹೇಗೋ ತೆಗೆದರೆ ಕತ್ತಲು, ಕಲಸಿಹೋದ ಕಣ್ಣು. ಫ್ಲ್ಯಾಶ್ ಹಾಕಿದರೆ ಮಗು ಬೆಚ್ಚಿ ಅತ್ತು ಉಸಿರು ಕಟ್ಟುತ್ತಿತ್ತು.

ವಿಷಯ ತಿಳಿದು ಸ್ಟುಡಿಯೋದಣ್ಣ ತಮ್ಮದೇ ಗಿಡ್ಡ ಲೆನ್ಸ್ ತಂದರು. ಅಂಗೈ ತಿರುಗಿಸಿ ಜಾಗ ನೋಡಿ, ನಮ್ಮ ಕ್ಯಾಮೆರಾಕ್ಕೇ ಹಾಕಿ ಒಂದು ಫೋಟೊ ತೆಗೆದರು. "ಇದು ಇಲ್ಲಿಯೇ ಇರಲಿ, ಮಗು ದೊಡ್ಡದಾಗಲಿ" ಎಂದು ಹೋದರು. ರಜೆಯಲ್ಲಿದ್ದ ನಮ್ಮವರಿಗೆ ಅವಮಾನವಾಯಿತು. ಮರುದಿನವೇ ನನ್ನ ಕೈಯಲ್ಲಿ ಹಿಂದೆ ಕಳಿಸಿದರು. ನಾನಾದರೂ ಬಾಯಿ ಮುಚ್ಚಿಕೊಂಡು ಕೊಟ್ಟು ಬರಬಹುದಿತ್ತು.

"ಹಳೆಯದು ನಮಗೆ ಎಂತಕ್ಕೆ ಅಣ್ಣ? ಕುವೈಟಿನಲ್ಲಿ ಲೆನ್ಸ್ ಸಿಗುವುದಿಲ್ವಾ?"

ಅವರು ಅದನ್ನು ಅಂಗಿಯ ತುದಿಯಿಂದ ಒರೆಸಿದರು. "ಲೆನ್ಸ್ ಎಲ್ಲಿಯೂ ಸಿಗ್ತದೆ ಬಾಯಮ್ಮ. ಮಗುವಿಗೆ ನಾಲ್ಕು ವರ್ಷ ಆಗುವುದು ಒಂದೇ ಸಲ."

ಐದು ತುಂಬಲಿಲ್ಲ. ಸಮಾಧಿಯ ಕಲ್ಲಿಗೆ ಫೋಟೊ ಬೇಕಾದಾಗ ಇದ್ದದ್ದನ್ನೆಲ್ಲ ಜಾಲಾಡಿದೆವು; ಕಣ್ಣು ಸ್ಪಷ್ಟವಾಗಿದ್ದದ್ದು ಅವರು ತೆಗೆದದ್ದೊಂದೇ. ರೆಪ್ಪೆ ಎಣಿಸಬಹುದು. ದೇವರು ಅಷ್ಟನ್ನಾದರೂ ಉಳಿಸಿದರೆಂದು ಜಪಸರ ಮುಗಿಸಿ ದಿನವೂ ಸ್ತುತಿಸುತ್ತೇನೆ. ಮೊಳದುದ್ದದ್ದು ಕಪಾಟಿನಲ್ಲಿ ಬೂಸ್ಟು ಹಿಡಿದಿದೆ.

ಸ್ಟುಡಿಯೋದಣ್ಣ ಹೋದ ವರ್ಷ ತೀರಿಕೊಂಡರು. ಕ್ಷಮೆ ಕೇಳಲು ನನಗೆ ಸಮಯ ಇತ್ತು, ಕೇಳಲಿಲ್ಲ.

ಮಗಳನ್ನು ಮಣ್ಣು ಮಾಡಿದ ದಿನ ಅವರು ಕ್ಯಾಮೆರಾ ಇಲ್ಲದೆ ಬಂದಿದ್ದರು. ಕಿಟಕಿಯ ಬಳಿ ನಿಂತವರ ಅಂಗೈ ತಾನಾಗಿ ಚಾಚಿಕೊಂಡಿತು, ಒಮ್ಮೆ ತಿರುಗಿತು. ಮಗಳನ್ನು ಮಲಗಿಸಿದ್ದ ಪೆಟ್ಟಿಗೆಯ ಕಡೆ ನೋಡಿದರು. ಬೆರಳು ಮಡಚಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.