ಸುಣ್ಣ ಬಳಿಯದ ಚೌಕ

ಹಾಲಮ್ಮನವರನ್ನು ನೆನೆದರೆ ಮೊದಲು ಬರುವುದು ಹಸಿ ಸುಣ್ಣದ ವಾಸನೆ. ಗೋಡೆಯ ಮೇಲೆ ಒಂದು ಬೆರಳಿನ ಗುರುತು ಕಂಡರೂ ಸಾಕು, ಗಡಿಗೆ, ಕುಂಚ ಹಿಡಿದು ಹಾಜರು. ಯುಗಾದಿಗೆ, ದೀಪಾವಳಿಗೆ ಇಡೀ ಮನೆಗೆ ಸುಣ್ಣ. ನಡುವೆ ಮನಸ್ಸು ಬಂದಾಗಲೆಲ್ಲ ಮುಂಗೋಡೆಗೆ. ದಾವಣಗೆರೆಯ ಆ ಹಳೇ ಓಣಿಯಲ್ಲಿ ಅಷ್ಟು ಬೆಳ್ಳಗಿನ ಮನೆ ಇನ್ನೊಂದಿರಲಿಲ್ಲ.

ನಾನು ರಂಗೂನಿನಲ್ಲಿ ಹುಟ್ಟಿದವಳು. ಅಪ್ಪ ಹರಿಹರದ ಹತ್ತಿರದ ಕಡರನಾಯಕನಹಳ್ಳಿಯಿಂದ ಹೋಗಿ ಅಲ್ಲಿ ನೆಲೆಸಿದವರು. ಅವರಿಂದ ನನಗೆ ಕನ್ನಡ ಬಂತು; ಪಾಸ್‌ಪೋರ್ಟು ಮಾತ್ರ ಬರ್ಮಾದ್ದು. ಅವರು ತೀರಿಕೊಂಡ ಮೇಲೆ, ಐವತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿದೆ. ಪರದೇಶದವಳಾದ್ದರಿಂದ ಪೊಲೀಸರಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ರುಜು ಬೇಕು. ಪೊಲೀಸ್ ಎಂದದ್ದೇ ತಡ, ಹರಿಹರದಲ್ಲಿ ಇಬ್ಬರು, ಇಲ್ಲಿ ಮೂವರು ಮನೆ ಖಾಲಿ ಇಲ್ಲವೆಂದರು. ಹಾಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗ್ವಾಡೆಗೆ ಮೊಳೆ ಹೊಡಿತೀಯೇನವ್ವ?" ಎಂದರು. ಇಲ್ಲವೆಂದೆ. "ಹಂಗಾರೆ ತಾ ಕಾಗದ," ಎಂದು ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿಯೇಬಿಟ್ಟರು.

ವಾರ ಕಳೆದು ಠಾಣೆಯಿಂದ ಕರೆ ಬಂತು. ಮನೆ ಕಂದಾಯದ ರಸೀತಿ ನೋಡಿ ನಾನು ಅರ್ಜಿಯಲ್ಲಿ ಮನೆ ನಂಬರು ಬರೆದಿದ್ದೆ. ಆ ನಂಬರಿನ ಮನೆ ಓಣಿಯಲ್ಲೇ ಇಲ್ಲವೆಂದು ಪೇದೆ ವರದಿ ಕೊಟ್ಟಿದ್ದ. ರಸೀತಿ ತೋರಿಸಿದೆ. ಅಧಿಕಾರಿ ತಲೆಯಾಡಿಸಿದರು. "ನಂಬರ್ ಗ್ವಾಡೆ ಮ್ಯಾಲೆ ಇರ್ಬೇಕಮ್ಮ. ನಾಳೆ ಪೇದೆ ಇನ್ನೊಂದ್ಸಲ ಬರ್ತಾನೆ. ಆಗ್ಲೂ ಕಾಣ್ಲಿಲ್ಲ ಅಂದ್ರೆ ನೀವು ಊರು ಬಿಡಬೇಕಾಗ್ತೈತೆ."

ಅಳುತ್ತಲೇ ಮನೆಗೆ ಬಂದು ಹೇಳಿದೆ. ಹಾಲಮ್ಮನ ಮುಖ ಇಳಿಯಿತು. "ಆ ಕರೀ ನಂಬರಾ? ಮುನ್ಸಿಪಾಲ್ಟಿಯೋರು ಡಾಂಬರ್‌ನಾಗೆ ಬರ್ದು ಗ್ವಾಡೆ ಹೊಲಸು ಮಾಡಿದ್ರು. ನಾನೇ ಬಳಿದು ಮುಚ್ಚಿದೆನಲ್ಲವ್ವ."

ಸ್ವಲ್ಪ ಹೊತ್ತು ಗೋಡೆ ಸವರುತ್ತ ನಿಂತರು. ಆಮೇಲೆ ಕುಡುಗೋಲು ತಂದರು. ನಾನು ಕೈಚಾಚಿದರೆ ಕೊಡಲಿಲ್ಲ. ಯಾವ ಕಡೆ ಬರೆದಿದ್ದರೆಂಬುದು ಅವರಿಗೆ ಮರೆತೇಹೋಗಿತ್ತು. ಬಾಗಿಲ ಎಡಕ್ಕೆ ಒಂದು ಮೊಳ ಕೆರೆದರು. ಮಣ್ಣು ಬಂತು, ನಂಬರು ಬರಲಿಲ್ಲ. ಬಲಕ್ಕೆ ತಿರುಗಿದರು. ಎಷ್ಟೋ ಯುಗಾದಿಗಳ ಸುಣ್ಣ ಪದರ ಪದರವಾಗಿ ಅವರ ಸೀರೆಯ ಮೇಲೆ ಉದುರಿತು. ಓಣಿಯ ಹೆಂಗಸರು ಸೇರಿ, ಹಾಲಮ್ಮನಿಗೆ ಏನಾಯಿತೆಂದು ಗುಸುಗುಸು ಮಾತಾಡಿಕೊಂಡರು. ಅವರು ಹಿಂತಿರುಗಿಯೂ ನೋಡದೆ, "ಗ್ವಾಡೆ ನಾಳೆ ಬಳಕೋಬೌದು, ಈ ಹುಡುಗಿ ಎಲ್ಲಿಗೆ ಹೋಗ್ಬೇಕು?" ಎಂದರು. ಅಷ್ಟರಲ್ಲಿ ಸುಣ್ಣದಡಿ ಕಪ್ಪನೆಯ ಗೆರೆಯೊಂದು ಕಾಣಿಸಿತು.

ಮರುದಿನ ಪೇದೆ ಬಂದಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ ಇಟ್ಟು ಹೇಳಿದರು: "ನಂಬರ್ ಐತೆ, ಹುಡುಗೀನೂ ಅದಾಳೆ. ಎಲ್ಡೂ ಬರ್ಕಳ್ರಿ."

ಆರು ವರ್ಷ ಆ ಮನೆಯಲ್ಲಿದ್ದೆ. ನನಗೊಂದು ಊರು ಸಿಕ್ಕಿದ್ದು ಆ ಸುಣ್ಣದ ಕೈಯಿಂದ. ಅದನ್ನು ನಾನು ಮರೆತರೆ ಮನುಷ್ಯಳಲ್ಲ. ಪೌರತ್ವ ಸಿಕ್ಕಿ, ಮದುವೆಯಾಗಿ ಹರಿಹರಕ್ಕೆ ಹೊರಟ ದಿನ, "ಇನ್ನು ನಂಬರು ಮುಚ್ಚಿಬಿಡ್ರಿ ಅಮ್ಮ," ಎಂದೆ. "ಬಳೀತೀನಿ, ನೀ ಹೋಗು," ಎಂದಿದ್ದರು.

ಅವರು ತೀರಿಕೊಂಡ ಮೇಲಿನ ಮೊದಲ ಯುಗಾದಿಗೆ ಹೋದಾಗ ಅವರ ಸೊಸೆ ಸುಣ್ಣ ಬಳಿಯುತ್ತಿದ್ದಳು. ಬಾಗಿಲ ಬಲಕ್ಕೆ ಬಂದವಳು ಕುಂಚ ನಿಧಾನ ಮಾಡಿ, ನಂಬರಿನ ಸುತ್ತ ಚೌಕ ಬಿಟ್ಟು ಬಳಿದಳು. ಯಾಕೆಂದು ಕೇಳಿದೆ.

"ಅತ್ತೆಮ್ಮ ಹೇಳಿ ಹೋಗ್ಯಾರ್ರಿ. ಇದು ಕಾಣ್ತಿದ್ರೇನೇ ನಿಮ್ಮನ್ನ ಇಲ್ಲಿ ಇರಾಕೆ ಬಿಡ್ತಾರಂತೆ."